ಪುಣೆ ಬೇಸಿಗೇಲಿ ಬಿಒಡಿ (ಒಂದೇ ತಾಪ ಕಾಯೋ ಲ್ಯಾಬ್ ಪೆಟ್ಟಿಗೆ) ಇಲ್ದೆ ಇಂಡಿಕಾ ಹುಳ ಉಳಿಸಿದ್ದು: ನನ್ನ ಅನುಭವ

ಈ ಸಲ ಉಳೀತು ನೋಡ್ರಿ! ಮಾರ್ಚ್ ಕೊನೇ ವಾರ ಸ್ಪಂಜಿಗೆ ಹಾಕಿಟ್ಟ ಹೆಟೆರೊರಾಬ್ಡಿಟಿಸ್ ಇಂಡಿಕಾ (ಬೆಳೆ ತಿನ್ನೋ ಹುಳಗಳನ್ನ ಕೊಲ್ಲೋ ಸಣ್ಣ ಜಂತು), ಜೂನ್ ಮೊದಲ ವಾರ ಹಿಂಡಿ ಮೈಕ್ರೋಸ್ಕೋಪ್ ಕೆಳಗಿಟ್ರೆ ನೂರಕ್ಕೆ 60ರ ಹತ್ರ ಓಡಾಡ್ತಿದ್ವು. "ಬಿಒಡಿ ಇಲ್ದೆ ಆಗಲ್ಲ ಬಿಡೋ, ಜೂನಿಗೆ ಹೊಸಾ ಕಲ್ಚರ್ ತರ್ಸ್ಕೋ" ಅಂತ ನಮ್ಮ ಸೀನಿಯರ್ ಸರ್ ಮೂರು ವರ್ಷದಿಂದ ಹೇಳ್ತಾನೇ ಇದ್ರು, ಈಗ ಅವ್ರೇ ಬಂದು ಎಣಿಸಿ ಹೋದ್ರು.

ನಾನು ಅಥಣಿ ಕಡೆಯವನು, ಹಡಪ್ಸರದಲ್ಲಿ ಸಣ್ಣ ಲ್ಯಾಬ್. ಕಬ್ಬಿನ ಗೊಣ್ಣೆ ಹುಳಕ್ಕೆ (ಇಲ್ಲಿ ಹುಮಣಿ ಅಂತಾರೆ) ಮಳೆ ಬಿದ್ದ ಮೇಲೇ ಈ ಜಂತು ಬಿಡ್ಬೇಕು, ಅಷ್ಟೊತ್ತಿಗೆ ಬೇಸಿಗೇಲಿ ಸ್ಟಾಕ್ ಸತ್ತಿರುತ್ತೆ. ಮೊದಲನೇ ವರ್ಷ ಮನೆ ಫ್ರಿಡ್ಜಿನಲ್ಲಿಟ್ಟೆ, 4 ಡಿಗ್ರಿ, ಒಂದು ವಾರಕ್ಕೆ ಎಲ್ಲಾ ಕಡ್ಡಿ ತರ ನೆಟ್ಟಗಾಗಿ ಬಿದ್ದಿದ್ವು. 1992ರಲ್ಲಿ ಕೊಯಮತ್ತೂರಿನ ಹುಳ ನೋಡಿ ಹೆಸರಿಟ್ಟ ಜಾತಿ ಇದು, ಬಿಸಿಲು ನಾಡಿನದು, ಚಳಿ ತಡೆಯಲ್ಲ. ಎರಡನೇ ವರ್ಷ 28 ಸಾವಿರ ಕೊಟ್ಟು ಸೆಕೆಂಡ್ ಹ್ಯಾಂಡ್ ಬಿಒಡಿ ತಂದೆ, ಏಪ್ರಿಲ್ಲಿನಲ್ಲೇ ಕಂಪ್ರೆಸರ್ ಹೋಯ್ತು, ರಿಪೇರಿಗೆ ಮತ್ತೆ 9 ಸಾವಿರ ಕೇಳಿದ್ರು. ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ. ಫ್ಲಾಸ್ಕಿನಲ್ಲಿ ನೀರು ಜಾಸ್ತಿ ಹಾಕಿ ಗಾಳಿ ಸಾಲದೆ ಕೊಳೆಸಿದ್ದು ಬೇರೆ, ಆ ವಾಸನೆ ಗೊತ್ತಿದ್ದವ್ರಿಗೆ ಗೊತ್ತು.

ಮನೆ ಮಾಲಕಿ ಕಾಕೂ ಕುಡಿಯೋ ನೀರಿನ ಮಡಕೆಗೆ ಒದ್ದೆ ಗೋಣಿ ಸುತ್ತೋದು ನೋಡಿ ಹೊಳೀತು. ದೊಡ್ಡ ಮಡಕೆಯೊಳಗೆ ಸಣ್ಣ ಮಡಕೆ, ಮಧ್ಯೆ ಒದ್ದೆ ಮರಳು, ಎರಡೂ ಸೇರಿ 450 ರೂಪಾಯಿ. ಹೊರಗೆ 39 ಇದ್ದಾಗ ಒಳಗೆ 25-26. ಬೆಳಿಗ್ಗೆ-ಸಂಜೆ ನೀರು ಹಾಕೋದು ಒಂದ್ ದಿನವೂ ತಪ್ಪಿಸಿಲ್ಲ, ಊರಿಗೆ ಮದ್ವೆಗೆ ಹೋದಾಗ ಕಾಕೂನೇ ಹಾಕಿದ್ರು. ಒಳಗಿನ ಮಡಕೇಲಿಡೋ ಸ್ಪಂಜನ್ನ ತೀರಾ ಒದ್ದೆ ಮಾಡ್ಬೇಡಿ, ಹಿಂಡಿದ್ರೆ ಒಂದೆರಡು ಹನಿ ಬರೋ ಹಾಗಿದ್ರೆ ಸಾಕು. ಬೂಷ್ಟು ಬರದಿರೋಕೆ ಅದಕ್ಕೆ ಏನು ಸೇರಿಸ್ತೀನಿ ಅನ್ನೋದು ಸದ್ಯಕ್ಕೆ ನನ್ನ ಹತ್ರಾನೇ ಇರ್ಲಿ.

ಈ ಜಂತು ಬೆಳೆಸೋಕೆ ಬೇಕಾದ ಗ್ಯಾಲೇರಿಯಾ (ಜೇನು ಮೇಣ ತಿನ್ನೋ ಪತಂಗ) ಮರಿಗಳನ್ನ ಜೇನು ಸಾಕೋರ ಹಳೇ ಎರಿಗಳಿಂದ ಶುರು ಮಾಡಿದ್ದು, ಈಗ ಗೋಧಿ ಬೂಸಾ, ಜೇನು, ಗ್ಲಿಸರಿನ್ ಮೇಲೆ ಬೆಳೀತವೆ. ಒಂದು ದಪ್ಪ ಮರಿಗೆ ಲಕ್ಷದ ಮೇಲೇ ಐಜೆ (ಹುಳದ ಮೈ ಹೊಕ್ಕೋ ಹಂತದ ಎಳೇ ಜಂತು) ಬರ್ತವೆ. ಖರ್ಚು ಉಳಿಸೋಣ ಅಂತ ಮಧ್ಯೆ ಕಾರ್ಸೈರಾ (ಅಕ್ಕಿ ಪತಂಗ) ಮರೀನೂ ನೋಡಿದೆ, ಜೋಳದ ನುಚ್ಚಿನಲ್ಲಿ ಸಲೀಸಾಗಿ ಬೆಳೀತವೆ, ಆದ್ರೆ ಮರಿ ಸಣ್ಣದು, ಐಜೆ ತೀರಾ ಕಮ್ಮಿ, ಬಿಟ್ಟೆ. ಇನ್ನೊಂದು, ಸತ್ತ ಗ್ಯಾಲೇರಿಯಾ ಇಟ್ಟಿಗೆ ಕೆಂಪು ಬಂದ ಮೇಲೆ ಲೈಟ್ ಆರಿಸಿ ಹತ್ತು ನಿಮಿಷ ಕತ್ತಲಲ್ಲಿ ಕೂತ್ಕೊಳ್ಳಿ: ಮೊದಲು ಏನೂ ಕಾಣಲ್ಲ, ಆಮೇಲೆ ಮೈಯೆಲ್ಲಾ ಮಸುಕು ಬೆಳಕು. ಜಂತುವಿನ ಹೊಟ್ಟೇಲಿರೋ ಫೋಟೊರಾಬ್ಡಸ್ ಬ್ಯಾಕ್ಟೀರಿಯಾ ಅದು. ಮಗಳನ್ನ ಕೂರಿಸಿ ತೋರಿಸಿದೆ, ಎದ್ದು ಬರೋಕೇ ಒಪ್ಪಲಿಲ್ಲ.

ಬರೀ ಜೀವ ಇದ್ರೆ ಸಾಲದಲ್ಲ, ಮಡಕೆಯಿಂದ ತೆಗೆದವನ್ನ 10 ಹೊಸ ಮರಿಗಳ ಮೇಲೆ ಬಿಟ್ಟೆ, 48 ಗಂಟೇಲಿ 8 ಸತ್ವು, ಎಂಟೂ ಕೆಂಪಗೇ. ಮಳೆ ಹಿಡಿದ ಮೇಲೆ ಮಡಕೆ ತಣ್ಣಗಾಗಲ್ಲ, ಗಾಳೀಲೇ ನೀರು ತುಂಬಿರುತ್ತೆ, ಆದ್ರೆ ಅಷ್ಟೊತ್ತಿಗೆ ನನ್ನ ಸ್ಟಾಕ್ ಕಬ್ಬಿನ ಬೇರಿಗೆ ಹೋಗಿರುತ್ತೆ.