ಫಿಲ್ಟರ್ ಟ್ಯಾಂಕಿನ ಹಳೆ ಕಾರ್ಬನ್ ಕಳಿಸುವ ಮುನ್ನ

ನೀರಿನ ಕೊಳೆ ಹೀರಲು ಫಿಲ್ಟರಿಗೆ ತುಂಬುವ ಆಕ್ಟಿವೇಟೆಡ್ ಕಾರ್ಬನ್, ಅಂದರೆ ತೆಂಗಿನ ಗೆರಟೆಯಿಂದ ಮಾಡಿದ ವಿಶೇಷ ಇದ್ದಿಲು, ಸೋತರೆ ಎಸೆಯಲೇಬೇಕೆಂದಿಲ್ಲ. ಸುಮಾರು 800ರಿಂದ 900 ಡಿಗ್ರಿ ಸೆಲ್ಸಿಯಸ್ ಕುಲುಮೆಯಲ್ಲಿ ಹಬೆ ಹಾಯಿಸಿದರೆ ಒಳಗೆ ಹಿಡಿದ ಕೊಳೆ ಉರಿದುಹೋಗಿ, ಸಣ್ಣ ತೂತುಗಳು ಮತ್ತೆ ತೆರೆದುಕೊಳ್ಳುತ್ತವೆ. ಪ್ರತಿ ಸಲ ನೂರು ಕಿಲೋಗೆ ಐದು ಹತ್ತು ಕಿಲೋ ಸವೆಯುತ್ತದೆ. ಮನೆಯ ಫಿಲ್ಟರಿನ ಅರ್ಧ ಕಿಲೋಗೆ ಈ ರಗಳೆ ಬೇಡ. ನೂರಾರು ಕಿಲೋ ತುಂಬಿದ ಟ್ಯಾಂಕ್ ಇರುವವರಿಗೆ ಇದು ಲಾಭ.

ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯ ಒಂದು ಸಣ್ಣ ನೀರಿನ ಘಟಕದ ಟ್ಯಾಂಕನ್ನು ನಾನು ಮೊದಲ ಸಲ ಬರಿದು ಮಾಡಿಸಿದಾಗ, ಪರೀಕ್ಷೆ ಯಾಕೆ ಎಂದು ಸುಮ್ನೆ ಚೀಲ ಕಟ್ಟಿ ಕುಲುಮೆಯವರಿಗೆ ಕಳಿಸಿದ್ದೆ. ಅಡಿಯ ಜಲ್ಲಿ ಬೆರೆತಿದೆ ಎಂದು ಲೋಡ್ ವಾಪಸ್ ಬಂತು. ಬಾಡಿಗೆ ಎರಡು ಸಲ ಕೊಟ್ಟೆ.

ಈಗ ಸ್ಯಾಂಪಲ್ ತೆಗೆಯುವುದು. ಮೇಲಿನ ಒಂದು ಹಿಡಿ ಸಾಲದು. ನೀರು ಬಸಿದ ಮೇಲೆ ಒಂದೂವರೆ ಇಂಚಿನ ಪಿವಿಸಿ ಪೈಪನ್ನು ಮೂರು ಕಡೆ ಆಳಕ್ಕೆ ಒತ್ತಿ, ಮೇಲು, ನಡು, ಅಡಿ ಎಲ್ಲ ಬರುವಂತೆ ತೆಗೆಯಿರಿ. ಟ್ಯಾಂಕಿನೊಳಗೆ ಮಾತ್ರ ಇಳಿಯಬೇಡಿ. ಒದ್ದೆ ಕಾರ್ಬನ್ ಮುಚ್ಚಿದ ಜಾಗದ ಆಮ್ಲಜನಕವನ್ನು ಹೀರಿಬಿಡುತ್ತದೆ. ವಾಸನೆ ಬರುವುದಿಲ್ಲ, ಮನುಷ್ಯ ಸೀದಾ ಕುಸಿಯುತ್ತಾನೆ. ತೆಗೆದದ್ದನ್ನು ಪ್ಲಾಸ್ಟಿಕ್ ಶೀಟಿನ ಮೇಲೆ ರಾಶಿ ಮಾಡಿ, ನಾಲ್ಕು ಪಾಲು ಹಾಕಿ, ಎದುರುಬದುರಿನ ಎರಡು ಪಾಲು ಇಟ್ಟುಕೊಳ್ಳಿ. ಒಂದು ಕಿಲೋ ಉಳಿಯುವ ತನಕ ಹೀಗೇ ಮಾಡಿ. ಅರ್ಧ ಕಳಿಸಲು, ಅರ್ಧ ನಿಮಗೆ.

ಒಂದು ಹಿಡಿಯನ್ನು ಬೋಗುಣಿಯಲ್ಲಿ ಅಕ್ಕಿ ಜಾಲಿಸಿದಂತೆ ಜಾಲಿಸಿ. ಮರಳು, ಜಲ್ಲಿ ಇದ್ದರೆ ಅಡಿಯಲ್ಲಿ ಕೂತುಬಿಡುತ್ತದೆ. ನನ್ನ ಬಾಡಿಗೆ ಉಳಿಸಬಹುದಾಗಿದ್ದ ಪರೀಕ್ಷೆ ಇದೇ.

ಆಮೇಲೆ ತೇವ. ಹತ್ತು ಗ್ರಾಂ ತೂಗಿ, 150 ಡಿಗ್ರಿ ಓವನ್‌ನಲ್ಲಿ ಮೂರು ಗಂಟೆ ಇಟ್ಟು ಮತ್ತೆ ತೂಗಬೇಕು. ಮುಟ್ಟಿದರೆ ಒಣಗಿದಂತೆ ಕಾಣುವ ಕಾರ್ಬನ್ನಿನಲ್ಲೂ ಅರ್ಧದ ಹತ್ತಿರ ನೀರಿರಬಹುದು. ಅಂದರೆ ಲಾರಿ ಬಾಡಿಗೆಯಲ್ಲಿ ಅರ್ಧ ನೀರಿಗೇ ಹೋಯಿತು, ಅಲ್ವಾ? ಹಾಗೆಂದು ಅಡಿಕೆ ಅಂಗಳದಲ್ಲಿ ಹರಡಬೇಡಿ. ಥಿನ್ನರ್, ಪೆಟ್ರೋಲಿನಂಥದ್ದನ್ನು ಹಿಡಿದ ಕಾರ್ಬನ್ ಆದರೆ ಓವನ್ನೂ ಬೇಡ, ಬಿಸಿಲೂ ಬೇಡ. ಬೆಂಕಿ ಹಿಡಿಯುತ್ತದೆ. ಅದನ್ನು ಲ್ಯಾಬಿಗೇ ಬಿಡಿ.

ಹೀಗೇ ಇನ್ನಷ್ಟು ಒಣಗಿಸಿ, 100 ಮಿಲಿಲೀಟರ್ ಅಳತೆ ಗಾಜು ತುಂಬುವಷ್ಟು ನಿಧಾನ ಸುರಿದು ತೂಗಿ. ಹೊಸ ಗೆರಟೆ ಕಾರ್ಬನ್ 50 ಗ್ರಾಂ ಆಸುಪಾಸು ಬರುತ್ತದೆ. ಹಳೆಯದು ಎಷ್ಟು ಜಾಸ್ತಿ ತೂಗುತ್ತದೋ ಅಷ್ಟು ಹೊರಗಿನದ್ದು ಒಳಗೆ ಕೂತಿದೆ ಎಂದು ಲೆಕ್ಕ. ಟ್ಯಾಂಕ್ ತುಂಬುವ ದಿನವೇ ಹೊಸ ಕಾರ್ಬನ್ ಒಂದು ಬಾಟಲಿ ಎತ್ತಿಟ್ಟರೆ ಹೋಲಿಸಲು ಸುಲಭ.

ಎಲ್ಲರೂ ಕೇಳುವುದು ಅಯೋಡಿನ್ ಸಂಖ್ಯೆಯನ್ನು. ಒಂದು ಗ್ರಾಂ ಕಾರ್ಬನ್ ಎಷ್ಟು ಮಿಲಿಗ್ರಾಂ ಅಯೋಡಿನ್ ಹೀರುತ್ತದೆ ಎಂಬ ಅಳತೆ ಅದು. ಹೊಸ ಗೆರಟೆ ಕಾರ್ಬನ್ನಿನಲ್ಲಿ ಸಾಮಾನ್ಯವಾಗಿ 1000ದ ಸುತ್ತಮುತ್ತ. ಹಳೆಯದರಲ್ಲಿ ಕಡಿಮೆ ಬಂದರೆ ಗಾಬರಿಯಾಗಬೇಡಿ. ಸೋತಿದೆ ಎಂದೇ ತಾನೇ ಕಳಿಸುತ್ತಿರುವುದು? ನನ್ನ ಪ್ರಕಾರ ಬೂದಿಯ ಲೆಕ್ಕವೇ ಮುಖ್ಯ. ಕೊಳೆ ಕುಲುಮೆಯಲ್ಲಿ ಉರಿಯುತ್ತದೆ. ಸುಣ್ಣ, ಕಬ್ಬಿಣ ಉರಿಯದೆ ಬೂದಿಯಲ್ಲಿ ಉಳಿಯುತ್ತವೆ.

ಲ್ಯಾಬಿನವರು ಒಣಗಿದ ಕಾರ್ಬನ್ನನ್ನು ಸುಮಾರು 650 ಡಿಗ್ರಿಯಲ್ಲಿ ಪೂರ್ತಿ ಸುಟ್ಟು, ಉಳಿದ ಬೂದಿ ತೂಗುತ್ತಾರೆ. ಬೂದಿಯ ಬಣ್ಣವನ್ನೂ ಕೇಳಿ. ಕೆಂಪು ಮಿಶ್ರಿತ ಕಂದು ಬಣ್ಣವಾದರೆ ಕಬ್ಬಿಣ, ಬಿಳಿಚಿದ್ದರೆ ಸುಣ್ಣದ ಸುಳಿವು. ನಮ್ಮ ಮುರಕಲ್ಲಿನ ನೆಲದ ನೀರು ಸ್ವಲ್ಪ ಹುಳಿ. ಕಬ್ಬಿಣ ಸಿಗುವುದು ಹೊಸತಲ್ಲ. ಆ ಹುಳಿ ತೆಗೆಯಲು ಸುಣ್ಣ ಹಾಕುವ ಘಟಕಗಳಲ್ಲಿ ಕಾರ್ಬನ್ನಿಗೆ ಸುಣ್ಣವೂ ಸೇರುತ್ತದೆ. ಸುಣ್ಣ ಇದ್ದರೆ ಕುಲುಮೆಯಲ್ಲಿ ಹಬೆ ಕಾರ್ಬನ್ನನ್ನೇ ಬೇಗ ತಿಂದುಹಾಕುತ್ತದೆ. ತೂತು ದೊಡ್ಡದಾಗುತ್ತದೆ, ಕಾಳು ಪುಡಿಯಾಗುತ್ತದೆ. ಮೊದಲೇ ತಿಳಿಸಿದರೆ ಆಸಿಡ್ಡಿನಲ್ಲಿ ತೊಳೆದು ಕುಲುಮೆಗೆ ಹಾಕುವ ದಾರಿ ಇದೆ.

ಸುಣ್ಣಕ್ಕೆ ಆಸಿಡ್ ಹನಿ ಹಾಕಿ ನೊರೆ ನೋಡುವವರಿದ್ದಾರೆ. ಅದರಲ್ಲೊಂದು ಮೋಸವಿದೆ. ಒಣ ಕಾರ್ಬನ್ ಬರೀ ನೀರಿಗೆ ಹಾಕಿದರೂ ಒಳಗಿನ ಗಾಳಿ ಹೊರಬಿದ್ದು ಗುಳ್ಳೆ ಏಳುತ್ತದೆ. ಮೊದಲು ನೀರಿನಲ್ಲಿ ಕುದಿಸಿ, ನೀರಿನಲ್ಲೇ ತಣಿಯಲು ಬಿಟ್ಟು, ಆಮೇಲೆ ತೆಳು ಆಸಿಡ್ ಹಾಕಬೇಕು. ಆಗಲೂ ನೊರೆ ಬಂದರೆ ಸುಣ್ಣ ನಿಜ.

ಕೊನೆಗೆ, ಏನು ಹಿಡಿದಿದೆ ಎಂದು ಬರೆದು ಕೊಡುವುದು. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಜಿಲ್ಲೆ ನಮ್ಮದು. ಕೀಟನಾಶಕ ಎಂದರೆ ಏನೆಂದು ಇಲ್ಲಿ ಬಿಡಿಸಿ ಹೇಳಬೇಕಿಲ್ಲ. ಅಂಥ ಕ್ಲೋರಿನ್ ಇರುವ ವಿಷ ಕಾರ್ಬನ್ನಿನಲ್ಲಿದ್ದರೆ ಕುಲುಮೆಯ ಹೊಗೆಯಲ್ಲಿ ಆಸಿಡ್ ಬರುತ್ತದೆ. ಮುಚ್ಚಿಟ್ಟರೆ ಅಲ್ಲಿ ಕೆಲಸ ಮಾಡುವವರಿಗೆ ಅಪಾಯ. ಕುಡಿಯುವ ನೀರಿನ ಕಾರ್ಬನ್ ಮತ್ತು ಕಾರ್ಖಾನೆ ಕೊಳಚೆಯ ಕಾರ್ಬನ್ ಒಂದೇ ಚೀಲಕ್ಕೆ ಎಂದೂ ಬೇಡ.

ರಾಸಾಯನಿಕ ಕೆಲಸದ ಕಾರ್ಬನ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಕೆಳಗೆ ಬರಬಹುದು. ಬಂದರೆ 10ನೇ ನಮೂನೆಯ ಮ್ಯಾನಿಫೆಸ್ಟ್, ಅಂದರೆ ಸಾಗಣೆ ಪತ್ರ, ಜೊತೆಗಿರಬೇಕು. ಲಾರಿ ತಲಪಾಡಿಯ ರಾಜ್ಯ ಗಡಿ ದಾಟುವ ಮೊದಲೇ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ವಿಚಾರಿಸಿ. ನಿಮ್ಮ ಪಾಲಿನ ಅರ್ಧ ಕಿಲೋ ಸ್ಯಾಂಪಲ್ಲಿಗೆ ಟ್ಯಾಂಕಿನ ಹೆಸರು, ತೆಗೆದ ತಾರೀಕು, ಎಷ್ಟು ತಿಂಗಳು ಓಡಿತು ಎಂಬ ಚೀಟಿ ಅಂಟಿಸಿ, ಬಿಗಿ ಮುಚ್ಚಳ ಹಾಕಿ ಎತ್ತಿಡಿ. ತಕರಾರು ಬಂದ ದಿನ ಬೇಕಾಗುತ್ತದೆ.