ಗಿಟ್ ಕಲಿಯುವವರೇ, ‘ಆಡ್’ ಹಂತದಲ್ಲಿ ಅವಸರ ಬೇಡ

ಗಿಟ್ ಅಂದರೆ ಕೋಡಿನಲ್ಲಿ ಆಗುವ ಬದಲಾವಣೆಗಳನ್ನು ದಾಖಲಿಸಿಡುವ ತಂತ್ರಾಂಶ. ಹೊಸಬರು ಅದನ್ನು ಬಳಸುವಾಗ ಎಡವುವುದು ಹೆಚ್ಚಾಗಿ ಒಂದೇ ಕಡೆ. ‘ಗಿಟ್ ಆಡ್ ಡಾಟ್’ ಅಂತ ಕೊಟ್ಟು ಫೋಲ್ಡರಿನಲ್ಲಿ ಇರುವುದನ್ನೆಲ್ಲ ಸೇರಿಸಿಬಿಡುತ್ತಾರೆ. ಪಾಸ್‌ವರ್ಡ್ ಇರುವ ಫೈಲೂ ಅದರ ಜೊತೆಗೇ ಹೋಗುತ್ತದೆ. (ಕಮಾಂಡ್‌ಗಳನ್ನು ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ.)

1. ಗಿಟ್ ಇನ್‌ಸ್ಟಾಲ್ ಮಾಡಿ, ‘ಗಿಟ್ ಕಾನ್ಫಿಗ್’ನಲ್ಲಿ ಹೆಸರು, ಇಮೇಲ್ ಕೊಡಿ.

2. ಪ್ರಾಜೆಕ್ಟ್ ಫೋಲ್ಡರಿನ ಒಳಗೆ ಹೋಗಿ ‘ಗಿಟ್ ಇನಿಟ್’ ಕೊಡಿ. ಆ ಫೋಲ್ಡರಿನಲ್ಲಿ ಗಿಟ್ ಶುರುವಾಗುವುದು ಇದರಿಂದಲೇ. ಡೆಸ್ಕ್‌ಟಾಪ್‌ನಲ್ಲೇ ನಿಂತು ಕೊಡಬೇಡಿ.

3. ಏನನ್ನಾದರೂ ಸೇರಿಸುವ ಮೊದಲೇ ‘ಡಾಟ್ ಗಿಟ್‌ಇಗ್ನೋರ್’ ಫೈಲ್ ಮಾಡಿ. ಗಿಟ್ ಯಾವುದನ್ನು ಸೇರಿಸಬಾರದು ಅನ್ನುವ ಪಟ್ಟಿ ಇದು. ಪಾಸ್‌ವರ್ಡ್ ಇರುವ ‘ಡಾಟ್ ಇಎನ್‌ವಿ’ ಫೈಲು, ‘ನೋಡ್ ಮಾಡ್ಯೂಲ್ಸ್’ನಂಥ (ಬೇರೆಯವರ ಸಿದ್ಧ ಕೋಡ್ ತುಂಬಿರುವ) ಭಾರಿ ಫೋಲ್ಡರುಗಳ ಹೆಸರು ಅದರಲ್ಲಿರಲಿ. ವಿಂಡೋಸ್‌ನ ನೋಟ್‌ಪ್ಯಾಡ್ ಆ ಹೆಸರಿನ ಕೊನೆಗೆ ‘ಡಾಟ್ ಟಿಎಕ್ಸ್‌ಟಿ’ ಅಂಟಿಸಿಬಿಡಬಹುದು. ಆಗ ಗಿಟ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

4. ಈಗ ‘ಆಡ್’. ಇದು ಮುಂದಿನ ಕಮಿಟ್‌ಗೆ (ಗಿಟ್ ಒಂದು ಸಲಕ್ಕೆ ಮಾಡಿಡುವ ದಾಖಲೆಗೆ) ಏನೇನು ಹೋಗಬೇಕು ಅಂತ ಆರಿಸುವ ಹಂತ. ಮೊದಲು ‘ಗಿಟ್ ಸ್ಟೇಟಸ್’ ನೋಡಿ, ಆಮೇಲೆ ಒಂದೊಂದೇ ಫೈಲಿನ ಹೆಸರು ಕೊಟ್ಟು ಸೇರಿಸಿ. ಆಡ್ ಮಾಡಿದ ಮೇಲೆ ಅದೇ ಫೈಲನ್ನು ಮತ್ತೆ ತಿದ್ದಿದರೆ ಆ ಹೊಸ ತಿದ್ದುಪಡಿ ಕಮಿಟ್‌ಗೆ ಹೋಗುವುದಿಲ್ಲ, ಇನ್ನೊಮ್ಮೆ ಆಡ್ ಮಾಡಲೇಬೇಕು. ‘ಸೇವ್ ಮಾಡಿದ್ದೆ, ಆದ್ರೂ ಹೋಗಿಲ್ಲ’ ಅನ್ನುವವರ ತೊಂದರೆ ಹೆಚ್ಚಾಗಿ ಇದೇ.

ಒಂದೇ ಫೈಲಿನಲ್ಲಿ ಎರಡು ಬೇರೆ ಕೆಲಸ ಮಾಡಿದ್ದೀರಾ? ‘ಗಿಟ್ ಆಡ್ ಹೈಫನ್ ಪಿ’ ಕೊಡಿ. ಬದಲಾವಣೆಯನ್ನು ತುಂಡು ತುಂಡಾಗಿ ತೋರಿಸುತ್ತದೆ. ಬೇಕಾದ್ದಕ್ಕೆ ವೈ, ಬೇಡವಾದ್ದಕ್ಕೆ ಎನ್ ಒತ್ತಿ. ಹೊಚ್ಚ ಹೊಸ ಫೈಲುಗಳು ಇದರಲ್ಲಿ ಕಾಣುವುದಿಲ್ಲ, ಅವನ್ನು ಹೆಸರು ಕೊಟ್ಟೇ ಸೇರಿಸಬೇಕು. ಗಿಟ್ ಹುಟ್ಟಿದ್ದೇ 2005ರಲ್ಲಿ, ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನೆಲ್‌ಗಾಗಿ. ಅಲ್ಲಿ ಊರೂರಿನ ಜನ ಕಳಿಸುವ ಸಣ್ಣ ಸಣ್ಣ ಬದಲಾವಣೆಗಳನ್ನು ಬಿಡಿಬಿಡಿಯಾಗಿ ಓದಿ ನೋಡಿಯೇ ಸೇರಿಸಬೇಕು. ನಿಮ್ಮ ಕಮಿಟ್ ಕೂಡ ಹಾಗೇ ಒಂದು ಕೆಲಸಕ್ಕೆ ಒಂದರಂತೆ ಇರಲಿ.

ಕೊನೆಗೆ ‘ಗಿಟ್ ಡಿಫ್’ ಜೊತೆ ‘ಸ್ಟೇಜ್ಡ್’ (ಅಂದರೆ ಆಡ್ ಮಾಡಿದ್ದು) ಆಯ್ಕೆ ಕೊಟ್ಟು, ಅದು ತೋರಿಸುವ ಬದಲಾವಣೆಗಳನ್ನು ಪೂರ್ತಿ ಓದಿ. ಬೇಡದ್ದು ಸೇರಿದ್ದರೆ ಹೊರಗೆ ತೆಗೆಯುವ ಕಮಾಂಡನ್ನು ‘ಗಿಟ್ ಸ್ಟೇಟಸ್’ ತಾನೇ ತೋರಿಸುತ್ತದೆ, ಸುಮ್ನೆ ಹುಡುಕಾಡಬೇಡಿ.

ಗಿಟ್‌ಗೆ ಗೊತ್ತಿರುವ ಫೈಲುಗಳ ಬದಲಾವಣೆಯನ್ನೆಲ್ಲ ಆಡ್ ಇಲ್ಲದೆಯೇ ಕಮಿಟ್ ಮಾಡುವ ‘ಕಮಿಟ್ ಹೈಫನ್ ಎ’ ಅನ್ನುವ ಒಳದಾರಿಯನ್ನು ಸದ್ಯಕ್ಕೆ ಮುಟ್ಟಲೇಬೇಡಿ. ಕೋಡ್ ಬರೆಯುವ ತಂತ್ರಾಂಶವಾದ ವಿಎಸ್ ಕೋಡ್ ‘ಎಲ್ಲವನ್ನೂ ಸ್ಟೇಜ್ ಮಾಡಲೇ?’ ಎಂದು ಕೇಳಿದಾಗ ‘ಆಲ್ವೇಸ್’ ಒತ್ತಬೇಡಿ. ಒತ್ತಿದರೆ ಮುಂದೆ ಕೇಳುವುದೇ ಇಲ್ಲ.

5. ಕಮಿಟ್ ಮಾಡಿ. ಅದರ ಜೊತೆಗಿನ ಸಂದೇಶದಲ್ಲಿ ‘ಅಪ್‌ಡೇಟ್’ ಅಂತಷ್ಟೇ ಬರೆದರೆ ಯಾರಿಗೂ ಉಪಯೋಗವಿಲ್ಲ. ‘ಲಾಗಿನ್ ಪುಟದಲ್ಲಿ ಖಾಲಿ ಹೆಸರು ತಡೆದದ್ದು’ ಅನ್ನುವಂತೆ, ಮಾಡಿದ ಕೆಲಸವನ್ನು ಬರೆಯಿರಿ.

6. ಕೋಡ್ ಇಡುವ ಜಾಲತಾಣವಾದ ಗಿಟ್‌ಹಬ್‌ಗೆ ಪುಶ್ ಮಾಡಿ, ಅಂದರೆ ನಿಮ್ಮ ಕಮಿಟ್‌ಗಳನ್ನು ಅಲ್ಲಿಗೆ ಕಳಿಸಿ. 100 ಎಂಬಿಗಿಂತ ದೊಡ್ಡ ಫೈಲನ್ನು ಅದು ತೆಗೆದುಕೊಳ್ಳುವುದಿಲ್ಲ. ಪಾಸ್‌ವರ್ಡ್ ಏನಾದರೂ ಹೋಗಿಬಿಟ್ಟಿದ್ದರೆ ಫೈಲ್ ಅಳಿಸಿದರೆ ಸಾಲದು, ಹಳೆಯ ಕಮಿಟ್‌ಗಳಲ್ಲಿ ಅದು ಉಳಿದೇ ಇರುತ್ತದೆ. ಮೊದಲು ಆ ಪಾಸ್‌ವರ್ಡನ್ನೇ ಬದಲಾಯಿಸಿ.