ಹಯಸಿಂತ್ ಅರಳಬೇಕಾದರೆ ಮೊದಲು ಚಳಿ ಬೇಕು

ಗಾಢ ಪರಿಮಳದ ಗೊಂಚಲು ಹೂ ಬಿಡುವ ಹಯಸಿಂತ್ ಗಿಡದ ಗೆಡ್ಡೆ ಕೈಗೆ ಬರುವ ಹೊತ್ತಿಗೆ ಆ ವರ್ಷದ ಹೂವು ಅದರೊಳಗೆ ಆಗಲೇ ರೂಪುಗೊಂಡಿರುತ್ತದೆ. ಅದು ಚೆನ್ನಾಗಿ ಹೊರಬರಲು ಗೊಬ್ಬರಕ್ಕಿಂತ ಹೆಚ್ಚಾಗಿ ಬೇಕಾದದ್ದು ಚಳಿ. ಟರ್ಕಿ, ಸಿರಿಯಾ, ಲೆಬನಾನ್ ಸೀಮೆಯ ಈ ಗಿಡಕ್ಕೆ ಹತ್ತು ಹನ್ನೆರಡು ವಾರ 4ರಿಂದ 9 ಡಿಗ್ರಿ ಸೆಲ್ಸಿಯಸ್ ತಂಪು ದೊರೆಯದಿದ್ದರೆ ಹೂದಂಟು ಉದ್ದವಾಗದೆ, ಮೊಗ್ಗುಗಳು ಎಲೆಗಳ ನಡುವೆಯೇ ಸಿಕ್ಕಿಕೊಂಡು ಅರಳುತ್ತವೆ.

ಕೊಳ್ಳುವಾಗ ಗೆಡ್ಡೆಯನ್ನು ಅದುಮಿ ನೋಡಿ, ಗಟ್ಟಿಯಾಗಿ ತೂಕವಿರುವುದನ್ನೇ ಆರಿಸಿ. ಸಾಮಾನ್ಯವಾಗಿ ನೇರಳೆ ಸಿಪ್ಪೆಯ ಗೆಡ್ಡೆ ನೀಲಿ ಅಥವಾ ನೇರಳೆ ಹೂವನ್ನೂ, ಮಾಸಲು ಬಿಳಿ ಸಿಪ್ಪೆಯದು ಬಿಳಿ ಹೂವನ್ನೂ ಕೊಡುತ್ತದೆ. ಸಿಪ್ಪೆಯಲ್ಲಿರುವ ಆಕ್ಸಲೇಟ್ ಹರಳುಗಳು ಚರ್ಮಕ್ಕೆ ತುರಿಕೆ ತರುವುದರಿಂದ ಕೈಗವಸು ತೊಡುವುದು ಒಳ್ಳೆಯದು. ಗೆಡ್ಡೆ ವಿಷಕಾರಿಯಾದ್ದರಿಂದ ನಾಯಿ, ಬೆಕ್ಕುಗಳಿಗೂ ಮಕ್ಕಳಿಗೂ ಸಿಗದಂತೆ ಇಡಬೇಕು.

ಮನೆಯೊಳಗೆ ಬೆಳೆಸಲು ಕತ್ತು ಕಿರಿದಾದ ಗಾಜಿನ ಹೂಜಿಯೇ ನನಗೆ ಅಚ್ಚುಮೆಚ್ಚು, ಏಕೆಂದರೆ ಬಿಳಿ ಬೇರುಗಳು ಎಳೆ ಎಳೆಯಾಗಿ ನೀರಿಗಿಳಿಯುವುದನ್ನು ಅದರಲ್ಲಿ ದಿನವೂ ನೋಡಬಹುದು. ಗೆಡ್ಡೆಯನ್ನು ಹೂಜಿಯ ಕತ್ತಿನ ಮೇಲೆ ಕೂರಿಸಿದಾಗ ನೀರು ಅದರ ತಳಕ್ಕೆ ತಾಗದೆ, ಕೂದಲೆಳೆಯಷ್ಟು ಕೆಳಗೆ ನಿಲ್ಲಬೇಕು. ತಾಗಿದರೆ ಗೆಡ್ಡೆ ಕೊಳೆಯುತ್ತದೆ. ಹೂಜಿಯನ್ನು ಕತ್ತಲೆಯ ತಂಪು ಜಾಗದಲ್ಲಿಟ್ಟು, ಬೇರು ತುಂಬಿ ಮೊಳಕೆ ನಾಲ್ಕೈದು ಸೆಂಟಿಮೀಟರ್ ಎತ್ತರ ಬಂದ ಮೇಲೆ ನಿಧಾನವಾಗಿ ಬೆಳಕಿಗೆ ತನ್ನಿ. ಅಂಥ ತಂಪು ಜಾಗವಿಲ್ಲದವರು ನೆಡುವ ಮೊದಲೇ ಗೆಡ್ಡೆಗಳನ್ನು ಕಾಗದದ ಚೀಲದಲ್ಲಿ ಹಾಕಿ ಫ್ರಿಜ್ಜಿನಲ್ಲಿಡಬಹುದು, ಆದರೆ ಅಲ್ಲಿ ಹಣ್ಣುಗಳಿರಬಾರದು: ಮಾಗುವ ಹಣ್ಣು ಹೊರಸೂಸುವ ಎಥಿಲೀನ್ ಅನಿಲ ಒಳಗಿನ ಮೊಗ್ಗನ್ನು ಕೆಡಿಸುತ್ತದೆ. ಅರಳಿದ ಗಿಡವನ್ನು ಬಿಸಿಲಿನಿಂದಲೂ ಶಾಖದಿಂದಲೂ ದೂರವಿಟ್ಟಷ್ಟು ಹೂವು ಹೆಚ್ಚು ದಿನ ಬಾಳುತ್ತದೆ. ಪರಿಮಳ ಬಲು ಗಾಢ. ಮಲಗುವ ಕೋಣೆಗಿಂತ ಪಡಸಾಲೆಯೇ ಅದಕ್ಕೆ ತಕ್ಕ ಜಾಗ.

ಚಳಿಗಾಲ ನಿಜಕ್ಕೂ ಕೊರೆಯುವ ಊರುಗಳಲ್ಲಿ ತೋಟದಲ್ಲೇ ನೆಡಬಹುದು. ಶರತ್ಕಾಲದಲ್ಲಿ, ನೀರು ನಿಲ್ಲದ ಮಣ್ಣಿನಲ್ಲಿ, ಸುಮಾರು 10ರಿಂದ 15 ಸೆಂಟಿಮೀಟರ್ ಆಳಕ್ಕೆ, ಮೊನೆ ಮೇಲಾಗಿ ಇಟ್ಟು ಮುಚ್ಚಿದರೆ ಸಾಕು. ತೋಟಕ್ಕೆ ಮಧ್ಯಮ ಗಾತ್ರದ ಗೆಡ್ಡೆಯೇ ಲೇಸು. ದೊಡ್ಡ ಗೆಡ್ಡೆಯ ಭಾರವಾದ ಹೂಗೊಂಚಲು ಮಳೆಗಾಳಿಗೆ ನೆಲಕ್ಕೊರಗುತ್ತದೆ.

ಹೂವು ಬಾಡಿದೊಡನೆ ದಂಟನ್ನು ಮಾತ್ರ ಕತ್ತರಿಸಿ, ಎಲೆಗಳನ್ನು ತಾವಾಗಿ ಹಳದಿಯಾಗಿ ಒಣಗುವವರೆಗೆ ಮುಟ್ಟದಿರಿ, ಏಕೆಂದರೆ ಮುಂದಿನ ವರ್ಷದ ಗೆಡ್ಡೆಗೆ ಆಹಾರ ಕೂಡಿಡುವುದು ಅವೇ. ಎರಡನೆಯ ವರ್ಷದ ಗೊಂಚಲಿನಲ್ಲಿ ಹೂಗಳು ವಿರಳವಾಗಿರುತ್ತವೆ, ಆದರೂ ಆ ಹಗುರವಾದ ಗೊಂಚಲೇ ನನ್ನ ಕಣ್ಣಿಗೆ ಹೆಚ್ಚು ಸೊಗಸು. ನೀರಿನಲ್ಲಿ ಬೆಳೆದ ಗೆಡ್ಡೆ ಮಾತ್ರ ತನ್ನ ಸತ್ವವನ್ನೆಲ್ಲ ಖರ್ಚುಮಾಡಿಕೊಂಡಿರುವುದರಿಂದ, ಮರುವರ್ಷ ಹೂಜಿಗೆ ಹೊಸ ಗೆಡ್ಡೆಯನ್ನೇ ತರಬೇಕಾಗುತ್ತದೆ.